ಮೋಟಾರ್‌ಸೈಕಲ್‌ನ ಮುಂದಿನ ಫೋರ್ಕ್: ಬಿಚ್ಚುವ ಕ್ರಮ, ಪರಿಶೀಲನೆ ಮತ್ತು ವ್ಯಾಪಾರದ ಲೆಕ್ಕ

ವೇದಾವತಿ ನದಿಗೆ ಅಡ್ಡಲಾಗಿ 1898ರಿಂದ 1907ರ ಅವಧಿಯಲ್ಲಿ ನಿರ್ಮಾಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರದ ಸುತ್ತಲಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮತ್ತು ಚಿತ್ರದುರ್ಗ ತಾಲ್ಲೂಕುಗಳಲ್ಲಿ ಮೋಟಾರ್‌ಸೈಕಲ್ ಎಂಬುದು ಕೇವಲ ಸವಾರಿಯ ಸಾಧನವಲ್ಲ. ಅದು ಸರಕು ಸಾಗಣೆಯ ವಾಹನವೂ ಹೌದು. ತೋಟದಿಂದ ತೆಂಗಿನಕಾಯಿ ಚೀಲ, ಡೇರಿಗೆ ಹಾಲಿನ ಕ್ಯಾನ್, ಅಂಗಡಿಗೆ ದಿನಸಿ ಮೂಟೆ, ಹೊಲಕ್ಕೆ ಗೊಬ್ಬರ ಎಲ್ಲವೂ ಇದೇ ಎರಡು ಚಕ್ರಗಳ ಮೇಲೆ ಸಾಗುತ್ತವೆ. ರಾಷ್ಟ್ರೀಯ ಹೆದ್ದಾರಿ 48ರ ನುಣುಪಾದ ರಸ್ತೆಯಲ್ಲಿ ಸಾಗುವ ವಾಹನವೇ ಅರ್ಧ ಗಂಟೆಯ ನಂತರ ಜಲ್ಲಿ ಎದ್ದ ಹಳ್ಳಿ ರಸ್ತೆಗೆ ಅಥವಾ ಅದಿರು ಲಾರಿಗಳು ಓಡಾಡಿದ ಕೆಂಧೂಳಿನ ಹಾದಿಗೆ ಇಳಿಯುತ್ತದೆ. ಈ ಶ್ರಮದ ಬಹುಪಾಲನ್ನು ಮೊದಲು ಎದುರಿಸುವುದು ಮುಂದಿನ ಫೋರ್ಕ್.

ಈ ಭಾಗದ ದುರಸ್ತಿ ಮಳಿಗೆಗಳಿಗೆ ಬರುವ ಸಾಮಾನ್ಯ ದೂರುಗಳಲ್ಲಿ ಒಂದು, "ಮುಂದಿನ ಶಾಕ್ ಸೋರುತ್ತಿದೆ" ಎಂಬುದು. ಸಾಮಾನ್ಯ ಪರಿಹಾರವೂ ಒಂದೇ: ಆಯಿಲ್ ಸೀಲ್ ಬದಲಿಸುವುದು. ಕೆಲವೇ ವಾರಗಳಲ್ಲಿ ಅದೇ ವಾಹನ ಅದೇ ದೂರಿನೊಂದಿಗೆ ಹಿಂತಿರುಗಿದರೆ ಗ್ರಾಹಕನು ಸೀಲ್ ಮಾರಿದ ಅಂಗಡಿಯನ್ನು ದೂರುತ್ತಾನೆ, ಅಂಗಡಿಯವರು ಮೆಕ್ಯಾನಿಕ್‌ನನ್ನು ದೂರುತ್ತಾರೆ, ಮೆಕ್ಯಾನಿಕ್ ಸೀಲ್ ತಯಾರಕನನ್ನು ದೂರುತ್ತಾನೆ. ಸೋರುವುದು ಸೀಲ್ ಆದರೂ ಕೆಟ್ಟಿರುವುದು ಬಹಳಷ್ಟು ವೇಳೆ ಬೇರೊಂದು ಭಾಗ ಎಂಬುದೇ ಇದರ ಹಿಂದಿನ ಸತ್ಯ. ಆ ಭಾಗ ಯಾವುದೆಂದು ಫೋರ್ಕನ್ನು ಬಿಚ್ಚಿ, ಅಳೆದು ನೋಡಿದಾಗ ಮಾತ್ರ ತಿಳಿಯುತ್ತದೆ. ಬಿಡಿಭಾಗ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಈ ಕ್ರಮದ ತಿಳಿವಳಿಕೆ ಲಾಭದಾಯಕವಾಗಿದೆ.

ಫೋರ್ಕ್ ಕೆಲಸ ಮಾಡುವ ಬಗೆ

ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಈ ವ್ಯವಸ್ಥೆಯನ್ನು ಟೆಲಿಸ್ಕೋಪಿಕ್ ಫೋರ್ಕ್ ಎನ್ನುತ್ತಾರೆ. ಆಯಿಲ್‌ನ ತಡೆಯುಳ್ಳ ಇಂತಹ ಫೋರ್ಕನ್ನು ಜರ್ಮನಿಯ ಬಿಎಂಡಬ್ಲ್ಯೂ ಸಂಸ್ಥೆಯು 1935ರಲ್ಲಿ ತನ್ನ ಆರ್-12 ಮಾದರಿಯಲ್ಲಿ ಮಾರುಕಟ್ಟೆಗೆ ತಂದಿತು. ಕರ್ನಾಟಕದ ಮಟ್ಟಿಗೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ವಾಹನಗಳ ಮೂಲಕ ಈ ವಿನ್ಯಾಸವು ಮನೆಮಾತಾಯಿತು. ಇಂದು ಮೈಸೂರಿನ ಟಿವಿಎಸ್ ಮತ್ತು ಕೋಲಾರ ಜಿಲ್ಲೆ ನರಸಾಪುರದ ಹೋಂಡಾ ಕಾರ್ಖಾನೆಗಳಿಂದ ಹೊರಬರುವ ದ್ವಿಚಕ್ರ ವಾಹನಗಳ ಮುಂಭಾಗದಲ್ಲಿಯೂ ಬಹುಮಟ್ಟಿಗೆ ಅದೇ ತತ್ತ್ವವನ್ನು ಕಾಣಬಹುದು.

ಮೇಲಿನಿಂದ ಇಳಿಯುವ ಉಕ್ಕಿನ ಕೊಳವೆಯೇ ಫೋರ್ಕ್ ಪೈಪ್. ಇದರ ಮೇಲ್ಮೈಗೆ ಗಟ್ಟಿ ಕ್ರೋಮ್ ಲೇಪ ಇರುತ್ತದೆ. ಸಾಮಾನ್ಯ ಬಳಕೆಯ ಸಣ್ಣ ಮೋಟಾರ್‌ಸೈಕಲ್‌ಗಳಲ್ಲಿ ಇದರ ಹೊರವ್ಯಾಸ ಸುಮಾರು 30 ಮಿಲಿಮೀಟರ್. 2021ರಲ್ಲಿ ಬಂದ ಹೊಸ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಅದು 41 ಮಿಲಿಮೀಟರ್. ಪೈಪು ಜಾರುವುದು ಅಲ್ಯೂಮಿನಿಯಂ ಎರಕದ ಕೆಳಕೊಳವೆಯೊಳಗೆ. ಇದನ್ನು ಮಳಿಗೆಗಳಲ್ಲಿ ಬಾಟಮ್ ಕೇಸ್ ಎನ್ನುತ್ತಾರೆ. ಒಳಗೆ ಉದ್ದನೆಯ ಸ್ಪ್ರಿಂಗ್, ತಳದಲ್ಲಿ ರಂಧ್ರಗಳಿರುವ ಡ್ಯಾಂಪರ್ ರಾಡ್, ಅದರ ತಲೆಗೆ ಪಿಸ್ಟನ್ ರಿಂಗ್ ಮತ್ತು ನಿಗದಿತ ಪ್ರಮಾಣದ ಆಯಿಲ್ ಇರುತ್ತವೆ. ಬಾಟಮ್ ಕೇಸಿನ ಬಾಯಲ್ಲಿ ಆಯಿಲ್ ಸೀಲ್, ಅದನ್ನು ಹಿಡಿದಿಡುವ ಲಾಕ್, ಅದರ ಮೇಲೆ ಡಸ್ಟ್ ಸೀಲ್ ಕುಳಿತಿರುತ್ತವೆ.

ಚಕ್ರವು ಗುಂಡಿಗೆ ಇಳಿದು ಎದ್ದಾಗ ಹೊಡೆತವನ್ನು ನುಂಗುವುದು ಸ್ಪ್ರಿಂಗ್. ಆದರೆ ಸ್ಪ್ರಿಂಗ್ ಒಂದೇ ಇದ್ದರೆ ವಾಹನ ಕುಣಿಯುತ್ತಲೇ ಇರುತ್ತದೆ. ಡ್ಯಾಂಪರ್ ರಾಡಿನ ಸಣ್ಣ ರಂಧ್ರಗಳ ಮೂಲಕ ಹಾದುಹೋಗಬೇಕಾದ ಆಯಿಲ್ ಆ ಕುಣಿತವನ್ನು ತಡೆಯುತ್ತದೆ. ಆಯಿಲ್ ಕಡಿಮೆಯಾದರೆ ಬ್ರೇಕ್ ಹಿಡಿದಾಗ ಮುಂಭಾಗ ಒಮ್ಮೆಲೇ ಕುಸಿಯುತ್ತದೆ ಮತ್ತು ಚಕ್ರವು ರಸ್ತೆಯನ್ನು ಬಿಟ್ಟು ಬಿಟ್ಟು ಮುಟ್ಟುತ್ತದೆ. ಬ್ರೇಕ್ ಹಿಡಿದಾಗ ವಾಹನದ ಭಾರ ಮುಂದಿನ ಚಕ್ರದತ್ತ ಸರಿಯುವುದರಿಂದ ನಿಲುಗಡೆಯ ಬಹುಪಾಲು ಶಕ್ತಿ ಅಲ್ಲಿಯೇ ಸಿಗಬೇಕು. ಸೋರಿದ ಆಯಿಲ್ ಕೆಳಗಿಳಿದು ಡಿಸ್ಕ್ ಮತ್ತು ಬ್ರೇಕ್ ಪ್ಯಾಡ್ ಮೇಲೆ ಹರಿದರೆ ಆ ಶಕ್ತಿಯೂ ಹೋಗುತ್ತದೆ. ಆದ್ದರಿಂದ ಫೋರ್ಕ್ ಸೋರಿಕೆಯನ್ನು ಅಂದಗೆಡಿಸುವ ಸಣ್ಣ ದೋಷವೆಂದು ಪರಿಗಣಿಸಬಾರದು. ಅದು ಸವಾರನ ಜೀವಕ್ಕೆ ಸಂಬಂಧಿಸಿದ ವಿಷಯ.

ಈ ಸೀಮೆಯಲ್ಲಿ ಸೀಲ್ ಬೇಗ ಸೋಲುವ ಕಾರಣಗಳು

ಮೊದಲನೆಯದು ಧೂಳು. ಗಟ್ಟಿ ಕ್ರೋಮ್ ಲೇಪದ ಗಡಸುತನ ವಿಕರ್ಸ್ ಮಾನದಲ್ಲಿ ಸುಮಾರು 800ರಿಂದ 1000. ಮಣ್ಣಿನ ಮರಳಿನಲ್ಲಿರುವ ಬೆಣಚುಕಲ್ಲಿನ ಕಣಗಳ ಗಡಸುತನ ಇದಕ್ಕೆ ಸಮಾನ ಅಥವಾ ತುಸು ಹೆಚ್ಚು. ಡಸ್ಟ್ ಸೀಲ್ ಹರಿದಿದ್ದರೆ ಈ ಕಣಗಳು ಆಯಿಲ್ ಸೀಲಿನ ತುಟಿಯಲ್ಲಿ ಸಿಕ್ಕಿಕೊಂಡು, ಪೈಪಿನ ಪ್ರತಿ ಚಲನೆಯಲ್ಲೂ ಉಜ್ಜುಕಾಗದದಂತೆ ವರ್ತಿಸುತ್ತವೆ. ಅದಿರಿನ ಧೂಳು ಬೆಣಚಿನಷ್ಟು ಗಡಸಲ್ಲವಾದರೂ ಅತಿ ನುಣುಪಾಗಿರುವುದರಿಂದ ಆಯಿಲ್‌ನೊಡನೆ ಬೆರೆತು ಕೆಸರಿನಂತಾಗಿ ತುಟಿಯ ಹಿಂದೆ ಕೂರುತ್ತದೆ. ಸುಪ್ರೀಂ ಕೋರ್ಟ್ ಆದೇಶದಂತೆ 2011ರಲ್ಲಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಂತು, ನಂತರದ ವರ್ಷಗಳಲ್ಲಿ ಷರತ್ತುಗಳೊಂದಿಗೆ ಮರಳಿ ಆರಂಭವಾಯಿತು. ಲಾರಿಗಳ ಹಾದಿಯಲ್ಲಿ ನಿತ್ಯ ಓಡಾಡುವ ವಾಹನಗಳಿಗೆ ಡಸ್ಟ್ ಸೀಲಿನ ಮಹತ್ವ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಎರಡನೆಯದು ನೀರು. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರವು ದಶಕಗಳ ನಂತರ ಕೋಡಿ ಬಿದ್ದಾಗ ವೇದಾವತಿಯು ಉಕ್ಕಿ ಹರಿಯಿತು. ಇಂತಹ ಸಂದರ್ಭಗಳಲ್ಲಿ ನೀರಿನಲ್ಲಿ ನಿಂತ ವಾಹನಗಳ ಎಂಜಿನ್ ಆಯಿಲ್ ಬದಲಿಸಲು ಯಾರೂ ಮರೆಯುವುದಿಲ್ಲ. ಫೋರ್ಕ್ ಆಯಿಲ್ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಒಳಹೊಕ್ಕ ನೀರು ತಳದಲ್ಲಿ ಕುಳಿತು ಸ್ಪ್ರಿಂಗ್ ಮತ್ತು ಪೈಪಿನ ಒಳಮೈಗೆ ತುಕ್ಕು ಹಿಡಿಸುತ್ತದೆ.

ಮೂರನೆಯದು ಮಿತಿಮೀರಿದ ಹೊರೆ ಮತ್ತು ಗುಂಡಿಗಳ ಹೊಡೆತ. ಪೈಪು ಕಣ್ಣಿಗೆ ಕಾಣದಷ್ಟು ಬಾಗಿದರೂ ಸೀಲಿನ ಒಂದು ಬದಿಗೆ ಒತ್ತಡ, ಇನ್ನೊಂದು ಬದಿಗೆ ಸಂದು ಉಂಟಾಗುತ್ತದೆ. ಬಾಗಿದ ಪೈಪಿಗೆ ಎಷ್ಟು ಹೊಸ ಸೀಲ್ ಹಾಕಿದರೂ ಫಲವಿಲ್ಲ.

ನಾಲ್ಕನೆಯದು ಅಳತೆ ಮೀರಿದ ಆಯಿಲ್. ಫೋರ್ಕಿನಲ್ಲಿ ಆಯಿಲ್ ಮೇಲಿರುವ ಗಾಳಿಯೂ ಒಂದು ಸ್ಪ್ರಿಂಗ್ ಎಂಬುದನ್ನು ಗಮನಿಸಬೇಕು. ಉದಾಹರಣೆಗೆ, ಫೋರ್ಕ್ ಪೂರ್ತಿ ಹಿಗ್ಗಿದಾಗ ಗಾಳಿಯ ಎತ್ತರ 240 ಮಿಲಿಮೀಟರ್ ಇದ್ದು, 120 ಮಿಲಿಮೀಟರ್ ಕುಗ್ಗಿದರೆ ಗಾಳಿಯ ಒತ್ತಡ ಸುಮಾರು 2 ಪಟ್ಟಾಗುತ್ತದೆ. ಅದೇ ಫೋರ್ಕಿಗೆ ಸುಮಾರು 30 ಮಿಲಿಲೀಟರ್ ಆಯಿಲ್ ಹೆಚ್ಚಾಗಿ ಹಾಕಿ ಗಾಳಿಯ ಎತ್ತರ 180 ಮಿಲಿಮೀಟರ್‌ಗೆ ಇಳಿದರೆ, ಅಷ್ಟೇ ಕುಗ್ಗಿದಾಗ ಉಳಿಯುವುದು 60 ಮಿಲಿಮೀಟರ್; ಒತ್ತಡ 3 ಪಟ್ಟು. ಈ ಒತ್ತಡ ತಡೆದುಕೊಳ್ಳಬೇಕಾದುದು ಅದೇ ರಬ್ಬರ್ ತುಟಿ. "ಸ್ವಲ್ಪ ಜಾಸ್ತಿ ಇರಲಿ" ಎಂಬ ಔದಾರ್ಯವೇ ಇಲ್ಲಿ ಸೋರಿಕೆಗೆ ದಾರಿಯಾಗುತ್ತದೆ.

ಬಿಚ್ಚುವ ಮೊದಲೇ ತಿಳಿಯಬಹುದಾದ ಸಂಗತಿಗಳು

ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಬಲವಾಗಿ ಒತ್ತಿ ಬಿಡಬೇಕು. ಫೋರ್ಕ್ ನಯವಾಗಿ ಮೇಲೆದ್ದು ನಿಂತರೆ ಆಯಿಲ್ ತಡೆ ಸರಿಯಾಗಿದೆ. ಎರಡು ಮೂರು ಬಾರಿ ಕುಣಿದರೆ ಆಯಿಲ್ ಕಡಿಮೆಯಾಗಿದೆ ಅಥವಾ ತೆಳುವಾಗಿದೆ. ನಡುವೆ ತಡೆದು ತಡೆದು ಎದ್ದರೆ ಪೈಪ್ ಬಾಗಿರುವ ಅಥವಾ ಎರಡು ಕಾಲುಗಳು ಸಮಾನಾಂತರವಾಗಿಲ್ಲದ ಸಂಶಯ ಮೂಡುತ್ತದೆ.

ಬ್ರೇಕ್ ಹಿಡಿದಾಗ "ಟಕ್" ಎಂಬ ಸದ್ದು ಬರುವುದಾದರೆ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಫೋರ್ಕಿನ ಕೆಳತುದಿಗಳನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದು ನೋಡಬೇಕು. ಅಲುಗಾಟವು ಹ್ಯಾಂಡಲಿನ ಬುಡದಲ್ಲಿ ಕಂಡರೆ ದೋಷ ಕೋನ್ ಸೆಟ್‌ನದು. ಬಾಟಮ್ ಕೇಸಿನ ಬಾಯಲ್ಲಿ ಕಂಡರೆ ದೋಷ ಫೋರ್ಕಿನದು. ಈ ಎರಡನ್ನೂ ಬೇರ್ಪಡಿಸದೆ ಕೆಲಸ ಆರಂಭಿಸಿದರೆ ಒಂದರ ಬದಲು ಇನ್ನೊಂದಕ್ಕೆ ಹಣ ವ್ಯಯವಾಗುತ್ತದೆ.

ಬಿಚ್ಚುವ ಕ್ರಮ

ವಾಹನವನ್ನು ನಡುಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಕೆಳಗೆ ಗಟ್ಟಿ ಮರದ ದಿಮ್ಮಿ ಅಥವಾ ಜ್ಯಾಕ್ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಬೇಕು. ಡಿಸ್ಕ್ ಬ್ರೇಕ್ ಇದ್ದಲ್ಲಿ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ತೂಗುಹಾಕಬೇಕು. ಹೋಸ್ ಮೇಲೆ ಭಾರ ಬೀಳಬಾರದು. ಪ್ಯಾಡ್‌ಗಳ ನಡುವೆ ಒಂದು ಮರದ ಚೂರು ಇರಿಸಿದರೆ ಯಾರಾದರೂ ಅಕಸ್ಮಾತ್ತಾಗಿ ಲಿವರ್ ಒತ್ತಿದರೂ ಪಿಸ್ಟನ್ ಹೊರಬರುವುದಿಲ್ಲ. ಹೊಸ ವಾಹನಗಳಿಗೆ 2019ರ ಏಪ್ರಿಲ್ 1ರಿಂದ, 125 ಸಿಸಿ ಮೇಲ್ಪಟ್ಟವುಗಳಲ್ಲಿ ಎಬಿಎಸ್ ಮತ್ತು ಅದಕ್ಕಿಂತ ಚಿಕ್ಕವುಗಳಲ್ಲಿ ಸಂಯುಕ್ತ ಬ್ರೇಕ್ ವ್ಯವಸ್ಥೆ ಕಡ್ಡಾಯವಾಗಿರುವುದರಿಂದ, ಎಬಿಎಸ್ ಸೆನ್ಸರ್ ತಂತಿ ಮತ್ತು ಬ್ರೇಕ್ ಕೇಬಲ್‌ಗಳ ಹಾದಿಯನ್ನು ಗುರುತಿಟ್ಟುಕೊಂಡ ನಂತರವೇ ಚಕ್ರ ಹಾಗೂ ಮಡ್‌ಗಾರ್ಡ್ ಕಳಚಬೇಕು.

ಇಲ್ಲಿ ಕ್ರಮ ಬಹು ಮುಖ್ಯ. ಪೈಪುಗಳು ಇನ್ನೂ ವಾಹನದಲ್ಲಿ ಬಿಗಿಯಾಗಿರುವಾಗಲೇ ಎರಡು ಬೋಲ್ಟುಗಳನ್ನು ಸಡಿಲಿಸಿಕೊಳ್ಳಬೇಕು. ಒಂದು, ಬಾಟಮ್ ಕೇಸಿನ ತಳದಲ್ಲಿರುವ ಅಲೆನ್ ಬೋಲ್ಟ್. ಸ್ಪ್ರಿಂಗ್ ಒತ್ತಡ ಇರುವಾಗ ಡ್ಯಾಂಪರ್ ರಾಡ್ ತಿರುಗದೆ ನಿಲ್ಲುವುದರಿಂದ ಈ ಬೋಲ್ಟ್ ಸುಲಭವಾಗಿ ಸಡಿಲಗೊಳ್ಳುತ್ತದೆ. ಸ್ಪ್ರಿಂಗ್ ತೆಗೆದ ಮೇಲೆ ರಾಡ್ ಬೋಲ್ಟಿನೊಡನೆ ತಾನೂ ಸುತ್ತತೊಡಗುತ್ತದೆ. ಇನ್ನೊಂದು, ಪೈಪಿನ ಮೇಲ್ತುದಿಯ ಟಾಪ್ ಬೋಲ್ಟ್. ಮೇಲಿನ ಟಿ ತಟ್ಟೆಯಲ್ಲಿ ಪೈಪನ್ನು ಹಿಡಿಯುವ ಬಿಗಿ ಬೋಲ್ಟ್ ಇದ್ದರೆ ಅದನ್ನು ಮೊದಲು ಸಡಿಲಿಸಿ, ಕೆಳಗಿನ ಬಿಗಿ ಬೋಲ್ಟನ್ನು ಹಾಗೆಯೇ ಉಳಿಸಿ ಟಾಪ್ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಬೇಕು. ನಂತರ ಕೆಳಗಿನ ಬೋಲ್ಟ್ ಸಡಿಲಿಸಿ, ಪೈಪನ್ನು ತಿರುಗಿಸುತ್ತಾ ಕೆಳಕ್ಕೆ ಎಳೆದರೆ ಫೋರ್ಕ್ ಹೊರಬರುತ್ತದೆ.

ಟಾಪ್ ಬೋಲ್ಟನ್ನು ಪೂರ್ತಿ ತೆಗೆಯುವಾಗ ಮುಖವನ್ನು ಅದರ ನೇರಕ್ಕೆ ತರಬಾರದು. ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಕೊನೆಯ ಸುತ್ತಿನಲ್ಲಿ ಬೋಲ್ಟ್ ಚಿಮ್ಮಬಹುದು. ಸ್ಪ್ರಿಂಗ್ ತೆಗೆಯುವಾಗ ಅದರ ಯಾವ ತುದಿ ಮೇಲಿತ್ತು ಎಂಬುದನ್ನು ಗುರುತಿಸಬೇಕು. ಅನೇಕ ಸ್ಪ್ರಿಂಗ್‌ಗಳಲ್ಲಿ ಒಂದು ತುದಿಯ ಸುರುಳಿಗಳು ಹತ್ತಿರ ಹತ್ತಿರವಾಗಿರುತ್ತವೆ. ಅದನ್ನು ತಯಾರಕರು ಸೂಚಿಸಿದ ದಿಕ್ಕಿನಲ್ಲೇ ಮರಳಿ ಇಡಬೇಕು.

ಅನಂತರ ಆಯಿಲನ್ನು ಶುಭ್ರವಾದ ಬಿಳಿ ತಟ್ಟೆಗೆ ಸುರಿಯಬೇಕು. ಎಡ ಮತ್ತು ಬಲ ಫೋರ್ಕಿನ ಆಯಿಲನ್ನು ಬೇರೆ ಬೇರೆ ಇಡುವುದು ಒಳ್ಳೆಯದು. ತಳದ ಅಲೆನ್ ಬೋಲ್ಟ್ ತೆಗೆದು, ಡಸ್ಟ್ ಸೀಲನ್ನು ಎಬ್ಬಿಸಿ, ಲಾಕನ್ನು ಚೂಪು ಸ್ಕ್ರೂಡ್ರೈವರಿನಿಂದ ಎಚ್ಚರಿಕೆಯಿಂದ ಹೊರತೆಗೆಯಬೇಕು. ಪ್ರತ್ಯೇಕ ಬುಶ್ ಇರುವ ಫೋರ್ಕಿನಲ್ಲಿ ಪೈಪನ್ನು ಕೆಲವು ಬಾರಿ ಜೋರಾಗಿ ಹೊರಕ್ಕೆ ಎಳೆದಾಗ ಸೀಲ್ ಮತ್ತು ಬುಶ್ ಒಟ್ಟಿಗೆ ಹೊರಬರುತ್ತವೆ. ಬುಶ್ ಇಲ್ಲದ ಸಾಧಾರಣ ಫೋರ್ಕಿನಲ್ಲಿ ಪೈಪು ಸಲೀಸಾಗಿ ಬರುತ್ತದೆ. ಸೀಲನ್ನು ಆಮೇಲೆ ಎಬ್ಬಿಸಬೇಕು. ಆಗ ಬಾಟಮ್ ಕೇಸಿನ ಅಂಚಿಗೆ ಬಟ್ಟೆ ಅಥವಾ ಮರದ ತುಂಡು ಕೊಡದಿದ್ದರೆ ಅಲ್ಯೂಮಿನಿಯಂ ಗೀರುತ್ತದೆ. ಆ ಗೀರಿನ ಮೂಲಕವೇ ಮುಂದೆ ಆಯಿಲ್ ಸೋರುತ್ತದೆ.

ಪರಿಶೀಲನೆ: ಕಣ್ಣು, ಬೆರಳು ಮತ್ತು ಅಳತೆ

ಮೊದಲ ಸಾಕ್ಷಿ ಆಯಿಲ್. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬೆಳ್ಳಿಯ ಹೊಳಪಿನ ಕಣಗಳಿದ್ದರೆ ಬಾಟಮ್ ಕೇಸಿನ ಅಲ್ಯೂಮಿನಿಯಂ ಸವೆಯುತ್ತಿದೆ. ಹಿತ್ತಾಳೆ ಬಣ್ಣದ ಕಣಗಳು ಬುಶ್ ಸವೆತವನ್ನು ಸೂಚಿಸುತ್ತವೆ. ಕಪ್ಪು ರಾಡಿ ತಳದಲ್ಲಿ ಕುಳಿತಿದ್ದರೆ ಆಯಿಲ್ ಬಹುಕಾಲದಿಂದ ಬದಲಾಗಿಲ್ಲ ಎಂದರ್ಥ.

ಎರಡನೆಯದು ಪೈಪಿನ ಮೇಲ್ಮೈ. ಅದನ್ನು ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಸೀಲ್ ಓಡಾಡುವ ಭಾಗದಲ್ಲಿ ಉಗುರನ್ನು ಮೇಲಿಂದ ಕೆಳಕ್ಕೆ ಜಾರಿಸಬೇಕು. ಉಗುರು ಎಲ್ಲಿಯೂ ತಡೆಯದಿದ್ದರೆ ಪೈಪು ಸರಿಯಾಗಿದೆ. ಚಿಕ್ಕ ಮೊನೆ ಎದ್ದಿದ್ದರೆ ಆಯಿಲ್ ಹಚ್ಚಿದ ನುಣುಪು ಸಾಣೆಕಲ್ಲಿನಿಂದ ಆ ಮೊನೆಯನ್ನು ಮಾತ್ರ ತಗ್ಗಿಸಬಹುದು. ಕ್ರೋಮ್ ಎದ್ದು ಕೆಳಗಿನ ಉಕ್ಕು ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಆ ಪೈಪಿಗೆ ಹೊಸ ಸೀಲ್ ಹಾಕುವುದು ವ್ಯರ್ಥ. ಸೀಲ್ ಎಂದೂ ತಲುಪದ ಮೇಲ್ಭಾಗದ ತುಕ್ಕು ಅಷ್ಟು ಗಂಭೀರವಲ್ಲ ಎಂಬುದನ್ನೂ ಗಮನಿಸಬೇಕು; ಇಲ್ಲದಿದ್ದರೆ ಗ್ರಾಹಕನಿಗೆ ಅನಗತ್ಯ ವೆಚ್ಚವಾಗುತ್ತದೆ.

ಮೂರನೆಯದು ಬಾಗುವಿಕೆ. ಪೈಪನ್ನು ಎರಡು ವಿ ಬ್ಲಾಕ್‌ಗಳ ಮೇಲಿರಿಸಿ, ನಡುವೆ ಡಯಲ್ ಗೇಜ್ ತಾಗಿಸಿ ಒಂದು ಪೂರ್ತಿ ಸುತ್ತು ತಿರುಗಿಸಬೇಕು. ಮುಳ್ಳಿನ ಒಟ್ಟು ಓಲಾಟದ ಅರ್ಧವೇ ನಿಜವಾದ ಬಾಗು. ಮುಳ್ಳು 0.30 ಮಿಲಿಮೀಟರ್ ಓಲಾಡಿದರೆ ಬಾಗು 0.15 ಮಿಲಿಮೀಟರ್. ಅನೇಕ ತಯಾರಕರ ಕೈಪಿಡಿಗಳಲ್ಲಿ ಮಿತಿ 0.20 ಮಿಲಿಮೀಟರ್ ಎಂದಿರುತ್ತದೆ. ಆಯಾ ಮಾದರಿಯ ಕೈಪಿಡಿಯ ಅಂಕಿಯೇ ಅಂತಿಮ. ಓಲಾಟವನ್ನೇ ಬಾಗು ಎಂದು ತಿಳಿದು ಒಳ್ಳೆಯ ಪೈಪನ್ನು ಗುಜರಿಗೆ ಹಾಕುವುದೂ ಉಂಟು, ಅಳೆಯದೆಯೇ ಕೆಟ್ಟ ಪೈಪನ್ನು ಮರಳಿ ಜೋಡಿಸುವುದೂ ಉಂಟು. ಎರಡೂ ನಷ್ಟವೇ.

ಬಾಗಿದ ಪೈಪನ್ನು ಪ್ರೆಸ್ಸಿನಲ್ಲಿ ನೇರ ಮಾಡಿಸುವ ರೂಢಿ ಎಲ್ಲೆಡೆ ಇದೆ. ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಬದಲಾವಣೆಯನ್ನೇ ಸೂಚಿಸುತ್ತವೆ. ಪೈಪಿನಲ್ಲಿ ಮಡಿಕೆ ಬಿದ್ದಿದ್ದರೆ, ಕ್ರೋಮ್ ಮೇಲೆ ಕೂದಲಿನಂತಹ ಬಿರುಕುಗಳು ಕಂಡರೆ ಅಥವಾ ಒಮ್ಮೆ ನೇರ ಮಾಡಿದ ಪೈಪು ಮತ್ತೆ ಬಾಗಿದ್ದರೆ ಅದನ್ನು ಯಾವ ಕಾರಣಕ್ಕೂ ಬಳಸಬಾರದು. ಅಪಘಾತಕ್ಕೀಡಾದ ವಾಹನದಲ್ಲಿ ಟಿ ಕೂಡ ತಿರುಚಿರಬಹುದು. ಪೈಪುಗಳನ್ನು ಜೋಡಿಸಿದ ಮೇಲೆ ಎರಡರ ಮೇಲೂ ಅಡ್ಡಲಾಗಿ ದಪ್ಪನೆಯ ಗಾಜಿನ ಹಲಗೆಯೊಂದನ್ನು ತಾಗಿಸಿದರೆ, ನಾಲ್ಕೂ ಮೂಲೆಗಳು ಒಂದೇ ಸಮನೆ ಕೂರುತ್ತವೆಯೇ ಎಂಬುದರಿಂದ ತಿರುಚುವಿಕೆ ತಿಳಿಯುತ್ತದೆ.

ನಾಲ್ಕನೆಯದು ಬುಶ್. ಟೆಫ್ಲಾನ್ ಲೇಪದ ಬುಶ್‌ನಲ್ಲಿ ಲೇಪ ಸವೆದು ತಾಮ್ರದ ಬಣ್ಣವು ಮೇಲ್ಮೈಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಂಡರೆ ಬದಲಿಸಬೇಕು. ಪ್ರತ್ಯೇಕ ಬುಶ್ ಇಲ್ಲದ ಫೋರ್ಕಿನಲ್ಲಿ ಪೈಪು ನೇರವಾಗಿ ಅಲ್ಯೂಮಿನಿಯಂ ಮೇಲೆ ಜಾರುವುದರಿಂದ ಸವೆತ ಬಾಟಮ್ ಕೇಸಿನದೇ ಆಗಿರುತ್ತದೆ. ಹೊಸ ಪೈಪನ್ನು ಒಳಗಿಟ್ಟು ಅಲುಗಿಸಿ ನೋಡಿದಾಗಲೂ ಅಲುಗಾಟ ಉಳಿದರೆ ಕೇಸನ್ನೇ ಬದಲಿಸಬೇಕಾಗುತ್ತದೆ.

ಐದನೆಯದು ಸ್ಪ್ರಿಂಗ್. ಎರಡೂ ಸ್ಪ್ರಿಂಗ್‌ಗಳನ್ನು ಸಮತಟ್ಟಾದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಉದ್ದ ಅಳೆಯಬೇಕು. ಕೈಪಿಡಿಯ ಮಿತಿಗಿಂತ ಒಂದು ಮಾತ್ರ ಕುಗ್ಗಿದ್ದರೂ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಕುಗ್ಗಿದ ಸ್ಪ್ರಿಂಗಿನ ಕೆಳಗೆ ವಾಷರ್ ಜೋಡಿಸಿ ಎತ್ತರ ಸರಿಪಡಿಸುವುದರಿಂದ ಅದರ ಬಲ ಮರಳುವುದಿಲ್ಲ. ಡ್ಯಾಂಪರ್ ರಾಡಿನ ರಂಧ್ರಗಳು ಮುಚ್ಚಿಲ್ಲವೆಂಬುದನ್ನೂ ಪಿಸ್ಟನ್ ರಿಂಗ್ ಸೀಳಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಮರುಜೋಡಣೆಯಲ್ಲಿ ಗಮನಿಸಬೇಕಾದವು

ಪ್ರತಿ ಭಾಗವನ್ನೂ ತೊಳೆದು ಒಣಗಿಸಿ, ತಳದ ಅಲೆನ್ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಮತ್ತು ಥ್ರೆಡ್ ಲಾಕ್ ದ್ರಾವಣ ಬಳಸಬೇಕು. ಹಳೆಯ ವಾಷರ್ ಮರುಬಳಸಿದರೆ ಸೋರಿಕೆ ತಳದಿಂದ ಆರಂಭವಾಗುತ್ತದೆ. ಸೀಲ್ ತೂರಿಸುವ ಮುನ್ನ ಪೈಪಿನ ತುದಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ಫೋರ್ಕ್ ಆಯಿಲ್ ಸವರಬೇಕು. ಇಲ್ಲದಿದ್ದರೆ ಪೈಪಿನ ಹರಿತವಾದ ಅಂಚು ಹೊಸ ತುಟಿಯನ್ನು ಕೊಯ್ಯುತ್ತದೆ. ಸೀಲಿನ ಅಕ್ಷರಗಳಿರುವ ಮುಖ ಮೇಲಕ್ಕೆ, ಸಣ್ಣ ಸುರುಳಿ ತಂತಿ ಕಾಣುವ ಮುಖ ಆಯಿಲ್ ಕಡೆಗೆ ಇರಬೇಕು. ಪೈಪಿನ ಮೇಲೆ ಸರಿಯಾಗಿ ಕೂರುವ ಸೀಲ್ ಡ್ರೈವರಿನಿಂದ, ಲಾಕ್ ಗಾಡಿ ಪೂರ್ತಿ ಕಾಣುವವರೆಗೆ ಸಮನಾಗಿ ಬಡಿಯಬೇಕು. ಸ್ಕ್ರೂಡ್ರೈವರ್ ಇಟ್ಟು ಸುತ್ತಲೂ ಕುಟ್ಟುವುದು ಹೊಸ ಸೀಲನ್ನು ಹುಟ್ಟುವ ಮೊದಲೇ ಕೊಲ್ಲುವ ವಿಧಾನ.

ಸಣ್ಣ ವಾಹನಗಳಲ್ಲಿ ಒಂದು ಕಾಲಿಗೆ ಬೇಕಾಗುವ ಆಯಿಲ್ ಸಾಮಾನ್ಯವಾಗಿ 150ರಿಂದ 200 ಮಿಲಿಲೀಟರ್ ಆಸುಪಾಸಿನಲ್ಲಿರುತ್ತದೆ. ಕೈಪಿಡಿಯ ದರ್ಜೆಯ ಆಯಿಲನ್ನೇ ಅಳತೆ ಪಾತ್ರೆಯಿಂದ ಹಾಕಬೇಕು. ಪೈಪನ್ನು ನಿಧಾನವಾಗಿ ಹಲವು ಬಾರಿ ಎತ್ತಿ ಇಳಿಸಿ ಸಿಕ್ಕಿದ ಗಾಳಿಯನ್ನು ಹೊರಹಾಕಿ, ಸ್ಪ್ರಿಂಗ್ ಇಲ್ಲದೆ, ಪೈಪ್ ಪೂರ್ತಿ ಇಳಿದಿರುವಾಗ ಮೇಲ್ತುದಿಯಿಂದ ಆಯಿಲ್ ಮಟ್ಟವನ್ನು ಅಳೆದು ಎರಡೂ ಕಾಲುಗಳಲ್ಲಿ ಸಮವಾಗಿಸಬೇಕು. ದಪ್ಪನೆಯ ಆಯಿಲ್ ಹಾಕಿದರೆ ಸೋರಿಕೆ ನಿಲ್ಲುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಫೋರ್ಕ್ ಗಡುಸಾಗಿ ಹೊಡೆತ ಹ್ಯಾಂಡಲಿಗೆ ತಲುಪುತ್ತದೆ, ಅಷ್ಟೇ.

ಚಕ್ರ ಜೋಡಿಸಿ ಆಕ್ಸಲ್ ಬಿಗಿದ ಮೇಲೆ, ಆಕ್ಸಲ್ ಹಿಡಿಯುವ ಬಿಗಿ ಬೋಲ್ಟ್ ಇದ್ದಲ್ಲಿ ಅದನ್ನು ಬಿಗಿಯುವ ಮೊದಲು ವಾಹನವನ್ನು ನೆಲಕ್ಕಿಳಿಸಿ ಫೋರ್ಕನ್ನು ಕೆಲವು ಬಾರಿ ಒತ್ತಬೇಕು. ಎರಡು ಕಾಲುಗಳು ತಮ್ಮ ಸಹಜ ಅಂತರಕ್ಕೆ ಬಂದು ನಿಲ್ಲುತ್ತವೆ. ಆಯಿಲ್ ಬಿದ್ದ ಬ್ರೇಕ್ ಪ್ಯಾಡ್‌ಗಳನ್ನು ಬದಲಿಸಬೇಕೇ ಹೊರತು ಪೆಟ್ರೋಲಿನಿಂದ ತೊಳೆದು ಮರಳಿ ಹಾಕಬಾರದು. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಬಹುದು. ವಾಹನವನ್ನು ಗ್ರಾಹಕನಿಗೆ ಒಪ್ಪಿಸುವ ಮುನ್ನ ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಒತ್ತಿ ಪರೀಕ್ಷಿಸಲೇಬೇಕು.

ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿಯುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲನ್ನು ಅಧಿಕೃತ ಮರುಬಳಕೆದಾರರಿಗೆ ನೀಡಬೇಕು. ವಾಣಿವಿಲಾಸ ಸಾಗರದ ನೀರನ್ನೇ ಕುಡಿಯುವ ಊರುಗಳಿಗೆ ಇದು ಕಾನೂನಿನ ಪಾಲನೆಯಷ್ಟೇ ಅಲ್ಲ, ಸ್ವಹಿತವೂ ಹೌದು.

ಬಿಡಿಭಾಗ ವರ್ತಕರಿಗೆ

ಸೀಲಿನ ಬೆಲೆ ಅಲ್ಪ. ಪೈಪಿನ ಬೆಲೆ ಅದರ ಹಲವು ಪಟ್ಟು. ಆದ್ದರಿಂದ ಮೆಕ್ಯಾನಿಕ್ ಬಂದು ಸೀಲ್ ಕೇಳಿದಾಗ "ಪೈಪ್ ಅಳೆದಿರಾ?" ಎಂದು ಕೇಳುವ ವರ್ತಕನು ಎರಡು ಬಗೆಯಲ್ಲಿ ಲಾಭ ಪಡೆಯುತ್ತಾನೆ: ಸೀಲ್ ಹಿಂತಿರುಗಿ ಬರುವುದು ತಪ್ಪುತ್ತದೆ, ಅಗತ್ಯವಿದ್ದಲ್ಲಿ ಪೈಪೂ ಮಾರಾಟವಾಗುತ್ತದೆ. ಆಯಿಲ್ ಸೀಲ್, ಡಸ್ಟ್ ಸೀಲ್, ಲಾಕ್, ತಾಮ್ರದ ವಾಷರ್ ಮತ್ತು ಅಳತೆಯ ಆಯಿಲ್ ಬಾಟಲಿಗಳನ್ನು ಒಂದೇ ಕಟ್ಟಾಗಿ ಜೋಡಿಸಿ ಮಾರಿದರೆ, ಧೂಳಿನ ಈ ಪ್ರದೇಶದಲ್ಲಿ ಡಸ್ಟ್ ಸೀಲನ್ನು ಬಿಟ್ಟು ಆಯಿಲ್ ಸೀಲ್ ಮಾತ್ರ ಬದಲಿಸುವ ತಪ್ಪು ಕಡಿಮೆಯಾಗುತ್ತದೆ.

ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರವು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಏಕರೂಪಗೊಂಡಿದೆ. ಹಿಂದೆ ಶೇಕಡಾ 28ರ ದರದಲ್ಲಿದ್ದ ಭಾಗಗಳಲ್ಲಿ ಅಸಲಿ ಮತ್ತು ಬಿಲ್ಲಿಲ್ಲದ ಮಾಲಿನ ಬೆಲೆಯ ಅಂತರ ಅಷ್ಟರಮಟ್ಟಿಗೆ ತಗ್ಗಿದೆ. ಇನ್ನೊಂದು ಕಡೆ, 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನ ಹೊಣೆಗಾರಿಕೆಯನ್ನು ತಯಾರಕನಿಗೆ ಮಾತ್ರ ಸೀಮಿತಗೊಳಿಸದೆ, ಮಾರಾಟಗಾರ ಮತ್ತು ಸೇವೆ ನೀಡುವವನಿಗೂ ವಿಸ್ತರಿಸಿದೆ. ತಯಾರಕನ ವಿಳಾಸವಿಲ್ಲದ ಸೀಲ್ ಮಾರಿ, ಅದರಿಂದ ಬ್ರೇಕ್ ಕೈಕೊಟ್ಟು ಹಾನಿಯಾದರೆ ಅಂಗಡಿಯವನೇ ಉತ್ತರ ಕೊಡಬೇಕಾದೀತು. ಬಿಲ್ಲು ಮತ್ತು ಬ್ಯಾಚ್ ಸಂಖ್ಯೆ ಇರುವ ಮಾಲು ವರ್ತಕನಿಗೇ ರಕ್ಷಣೆ.

ಸಣ್ಣ ಉದ್ದಿಮೆದಾರರಿಗೆ

ಮೇಲಿನ ಕ್ರಮದಲ್ಲಿ ಬಂದ ಸಲಕರಣೆಗಳಲ್ಲಿ ಹಲವನ್ನು ಒಂದು ಸಾಧಾರಣ ಲೇತ್ ಇರುವ ಘಟಕವೇ ತಯಾರಿಸಬಹುದು. ನೈಲಾನ್ ಅಥವಾ ಉಕ್ಕಿನ ಸೀಲ್ ಡ್ರೈವರ್, ಡ್ಯಾಂಪರ್ ರಾಡ್ ಹಿಡಿಯುವ ಉದ್ದನೆಯ ಟಿ ಪಾನಾ, ಪೈಪ್ ಅಳೆಯುವ ವಿ ಬ್ಲಾಕ್ ಸ್ಟ್ಯಾಂಡ್, ಆಯಿಲ್ ಮಟ್ಟದ ಅಳತೆಗೋಲು ಇವು ಪ್ರತಿ ಮಳಿಗೆಗೂ ಬೇಕಾದವು. ಅನೇಕ ಮಳಿಗೆಗಳಲ್ಲಿ ಇಲ್ಲದವು. ಉತ್ಪಾದನೆ ನಿಂತ ಹಳೆಯ ಮಾದರಿಗಳಿಗೆ, ವಿಶೇಷವಾಗಿ ಮೈಸೂರಿನ ಹಳೆಯ ಜಾವಾ ಮತ್ತು ಯೆಜ್ಡಿಗಳಿಗೆ, ಕಂಚಿನ ಬುಶ್ ತಿರುಗಿಸಿ ಕೊಡುವುದು ಮತ್ತೊಂದು ಅವಕಾಶ. ಹಳೆಯ ವಾಹನಗಳಲ್ಲಿದ್ದ ರಬ್ಬರ್ ಬೂಟುಗಳು ಧೂಳಿನ ರಸ್ತೆಗೆ ಈಗಲೂ ಉಪಯುಕ್ತ. ಆದರೆ ಹರಿದ ಬೂಟು ಕೆಸರನ್ನು ಒಳಗೇ ಹಿಡಿದಿಟ್ಟು ಪೈಪಿಗೆ ತುಕ್ಕು ತರಿಸುವುದರಿಂದ ರಬ್ಬರಿನ ಗುಣಮಟ್ಟಕ್ಕೆ ಗಮನ ಕೊಡಬೇಕು.

ಪೈಪಿಗೆ ಮರು ಕ್ರೋಮ್ ಲೇಪನವು ಹೆಚ್ಚು ಬಂಡವಾಳದ ಕೆಲಸ. ಹಳೆಯ ಲೇಪ ತೆಗೆದು, ಪೈಪನ್ನು ಸಣ್ಣ ಅಳತೆಗೆ ಸಾಣೆ ಹಿಡಿದು, ದಪ್ಪ ಲೇಪ ಕೊಟ್ಟು, ಮತ್ತೆ ಮೂಲ ಅಳತೆಗೆ ಸಾಣೆ ಹಿಡಿಯಬೇಕು. ಬಂಪರ್‌ಗೆ ಕೊಡುವ ಅಂದದ ಕ್ರೋಮ್ ಇಲ್ಲಿ ನಿಲ್ಲುವುದಿಲ್ಲ. ಮೈಕ್ರೋಮೀಟರಿನಿಂದ ಕನಿಷ್ಠ ಮೂರು ಕಡೆ, ಪ್ರತಿ ಕಡೆಯೂ ಎರಡು ದಿಕ್ಕುಗಳಲ್ಲಿ ಅಳೆದು ಒಪ್ಪಿಸುವ ಶಿಸ್ತು ಅಗತ್ಯ. ಲೇಪನದ ದ್ರಾವಣದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ವಿಷಕಾರಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಮತ್ತು ತ್ಯಾಜ್ಯ ನೀರಿನ ಶುದ್ಧೀಕರಣ ಇಲ್ಲದೆ ಈ ಕೆಲಸ ಕೈಗೊಳ್ಳುವಂತಿಲ್ಲ. ಆದುದರಿಂದ ಜಿಲ್ಲೆಯ ಘಟಕಗಳು ಪೈಪುಗಳನ್ನು ಸಂಗ್ರಹಿಸಿ, ಅಳೆದು, ವಿಂಗಡಿಸಿ, ಬೆಂಗಳೂರಿನ ಪೀಣ್ಯದಂತಹ ಕಡೆಯ ಪರವಾನಗಿ ಪಡೆದ ಲೇಪನ ಘಟಕಗಳಿಗೆ ಒಟ್ಟಾಗಿ ಕಳುಹಿಸುವ ವ್ಯವಸ್ಥೆಯೇ ಆರಂಭಕ್ಕೆ ಸೂಕ್ತ.

ದಾಖಲೆಯ ಮಹತ್ವ

ಕೊನೆಯದಾಗಿ, ಪ್ರತಿ ಫೋರ್ಕ್ ಕೆಲಸಕ್ಕೂ ಒಂದು ಚಿಕ್ಕ ಕಾರ್ಡ್ ಇಡುವುದು ಮಳಿಗೆಗಳಿಗೆ ಹಿತಕರ. ವಾಹನದ ಸಂಖ್ಯೆ, ಓಡಿದ ಕಿಲೋಮೀಟರ್, ಎಡ ಮತ್ತು ಬಲ ಪೈಪಿನ ಬಾಗು, ಸ್ಪ್ರಿಂಗಿನ ಉದ್ದ, ಹೊರಬಂದ ಆಯಿಲಿನ ಬಣ್ಣ, ಹಾಕಿದ ಆಯಿಲಿನ ದರ್ಜೆ ಮತ್ತು ಪ್ರಮಾಣ, ಸೀಲಿನ ಬ್ಯಾಚ್ ಇಷ್ಟು ಬರೆದರೆ ಸಾಕು. ಗ್ರಾಹಕನಿಗೆ ಹಳೆಯ ಭಾಗಗಳನ್ನು ತೋರಿಸಿ, ಡಯಲ್ ಗೇಜಿನ ಮುಳ್ಳು ಓಲಾಡುವುದನ್ನು ಕಣ್ಣೆದುರೇ ಕಾಣಿಸಿದರೆ ಪೈಪಿನ ಬೆಲೆಗೆ ಅವನು ತಕರಾರು ಮಾಡುವುದಿಲ್ಲ. ಪೈಪು ಬದಲಿಸಲು ಅವನು ಒಪ್ಪದಿದ್ದರೆ ಆ ಮಾತನ್ನೂ ಅದೇ ಕಾರ್ಡಿನಲ್ಲಿ ಬರೆದು ಸಹಿ ಪಡೆಯಬೇಕು. ಮುಂದೆ ಸೀಲ್ ಮತ್ತೆ ಸೋರಿದರೆ ತಪ್ಪು ಯಾರದೆಂಬ ವಾದಕ್ಕೆ ಅಲ್ಲಿ ಬರೆದ ಅಂಕಿಗಳೇ ಉತ್ತರ ಹೇಳುತ್ತವೆ. ಇಂತಹ ಕಾರ್ಡುಗಳು ನೂರಾಗುವಷ್ಟರಲ್ಲಿ ಯಾವ ಸೀಲ್ ಈ ಧೂಳಿಗೆ ತಾಳುತ್ತದೆ, ಯಾವುದು ತಾಳುವುದಿಲ್ಲ ಎಂಬುದು ಮಳಿಗೆಗೂ ಅದಕ್ಕೆ ಮಾಲು ಪೂರೈಸುವ ವರ್ತಕನಿಗೂ ಸ್ಪಷ್ಟವಾಗಿ ತಿಳಿದುಬರುತ್ತದೆ.